ಬೆಳಕಿನ ಊದುಗೊಳವೆ

ನಮ್ಮ ಮನೆಯಲ್ಲಿ ಒಂದು ಊದುಗೊಳವೆಯಿದೆ. ಕಬ್ಬಿಣದ್ದು, ಒಂದೂವರೆ ಅಡಿ ಉದ್ದ. ಅದರ ಒಂದು ತುದಿ ಅವ್ವನ ಬಾಯಿ ತಾಗಿ ತಾಗಿ ನುಣುಪಾಗಿದೆ, ಇನ್ನೊಂದು ತುದಿ ಕೆಂಡ ತಾಗಿ ತಾಗಿ ಕರಕಲಾಗಿದೆ. ಅಡುಗೆಗೆ ಗ್ಯಾಸು ಬಂದು ಎಷ್ಟೋ ವರ್ಷಗಳಾದರೂ ನೀರೊಲೆಗೆ ಇಂದಿಗೂ ತೆಂಗಿನ ಮಟ್ಟೆ, ಗರಿಗಳೇ ಗತಿಯಾದ್ದರಿಂದ ಈ ಊದುಗೊಳವೆಗೆ ಇನ್ನೂ ನಿವೃತ್ತಿ ದೊರೆತಿಲ್ಲ. ಚಿಕ್ಕಂದಿನಲ್ಲಿ ಅದು ನನ್ನ ದುರ್ಬೀನು. ಒಂದು ಕಣ್ಣು ಮುಚ್ಚಿ ಅದನ್ನು ಬಾಗಿಲ ಕಡೆಗೆ ಹಿಡಿದರೆ ಆಚೆ ತುದಿಯಲ್ಲಿ ಬೆಳಕಿನದೊಂದು ನಾಣ್ಯ ಕಾಣುತ್ತಿತ್ತು. ಒಂದು ಸಲ ಬೀದಿಯಲ್ಲಿ ಬಿದ್ದಿದ್ದ ನಲ್ಲಿಯ ತುಂಡೊಂದನ್ನು ತಂದು ಹಾಗೆಯೇ ನೋಡಿದೆನು. ಅದು ನಡುವೆ ಬಾಗಿತ್ತು. ನಾಣ್ಯ ಕಾಣಲಿಲ್ಲ, ಬರಿಯ ಕತ್ತಲೆ. ಬೆಳಕು ನೆಟ್ಟಗೆ ನಡೆಯುತ್ತದೆ, ಬಾಗಿದ ಕೊಳವೆಯಲ್ಲಿ ಹೋಗದು ಎಂಬುದನ್ನು ನಾನು ಶಾಲೆಗಿಂತ ಮೊದಲು ಕಲಿತದ್ದು ಹೀಗೆ. ಆ ಪಾಠದಲ್ಲಿ ಒಂದು ತಿದ್ದುಪಡಿ ಉಂಟೆಂದು ತಿಳಿಯಲು ನಾನು ಅಂತಿಮ ಬಿ.ಎ. ತರಗತಿಯವರೆಗೆ ಕಾಯಬೇಕಾಯಿತು.

ಅರ್ಥಶಾಸ್ತ್ರ, ಚರಿತ್ರೆ ಓದುವ ಹುಡುಗನಿಗೆ ಬೆಳಕಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ವಿಭಾಗವೇ ಇಲ್ಲ. ಆದರೂ ಕಳೆದ ವರ್ಷ ಈ ವಿಷಯ ನಮ್ಮ ಮನೆಯ ಬಾಗಿಲನ್ನು ತಾನಾಗಿಯೇ ತಟ್ಟಿತು. ಅದನ್ನು ಹೇಳದೆ ಮುಂದಕ್ಕೆ ಹೋಗುವುದು ಸಾಧ್ಯವಿಲ್ಲ.

ನಮ್ಮ ತಂದೆಯವರು ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಮೂವತ್ತು ವರ್ಷ ಮೂಟೆ ಹೊತ್ತ ಕತ್ತು ಅವರದು. ಅಕ್ಷರ ಕಲಿಯಲಿಲ್ಲ, ಆದರೆ ಅವರ ಕಂಠವೆಂದರೆ ಮಂಡಿಗೆಲ್ಲ ಪರಿಚಯ. ಲಾರಿಗೆ ಭಾರದ ಸಾಮಾನು ಏರಿಸುವಾಗ ಹತ್ತು ಜನ ಹತ್ತು ಸಲ ತಳ್ಳಿದರೆ ಅದು ಅಲುಗುವುದಿಲ್ಲ. ಹತ್ತು ಜನ ಒಂದೇ ಸಲ ತಳ್ಳಬೇಕು. ಆ ಒಂದು ಸಲ ಯಾವುದೆಂದು ಹೇಳುವವನು ಒಬ್ಬ ಬೇಕು. “ಐಸಾ!” ಎಂದು ಕೂಗುವ ಕೆಲಸ ಅಪ್ಪನದಾಗಿತ್ತು. ಕಳೆದ ವರ್ಷ ಆ ಕಂಠ ಒಡೆಯಿತು. ಶೀತವೆಂದು ಕಷಾಯ ಕುಡಿದರು, ಉಷ್ಣವೆಂದು ಕಲ್ಲುಸಕ್ಕರೆ ತಿಂದರು, ಬೀಡಿಯನ್ನು ಮಾತ್ರ ಬಿಡಲಿಲ್ಲ. ಮೂರು ತಿಂಗಳ ಬಳಿಕ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಯಾಗಿ, ಧ್ವನಿತಂತುವಿನ ಮೇಲೆ ಕ್ಯಾನ್ಸರು, ಮೊದಲನೆಯ ಹಂತ ಎಂದು ಗೊತ್ತಾಯಿತು.

ವೈದ್ಯರು ಎರಡು ದಾರಿ ಹೇಳಿದರು. ವಿಕಿರಣವಾದರೆ ಐದಾರು ವಾರ, ವಾರದಲ್ಲಿ ಐದು ದಿನ ಬಂದು ಹೋಗಬೇಕು. ದಿನಗೂಲಿಯವನಿಗೆ ಅಷ್ಟು ವಾರವೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಲೇಸರ್ ಬೆಳಕಿನಿಂದಾದರೆ ಬಾಯೊಳಗಿನಿಂದಲೇ ಒಂದು ದಿನದಲ್ಲಿ ಕೊಯ್ದು ತೆಗೆಯಬಹುದು, ಹೊರಗೆ ಗಾಯವಿಲ್ಲ. ಎಲ್ಲರೂ ಎರಡನೆಯ ದಾರಿಗೆ ತಲೆಯಾಡಿಸಿದೆವು. ಅಪ್ಪ ಮಾತ್ರ ಆಡಿಸಲಾರದೆ ಹೋದರು. ಇದು ತಮಾಷೆಯ ಮಾತಲ್ಲ. ಮೂಟೆ ಹೊತ್ತು ಅವರ ಕತ್ತಿನ ಮೂಳೆಗಳು ಗಡುಸಾಗಿ, ತಲೆಯನ್ನು ಹಿಂದಕ್ಕೆ ಚಾಚುವುದು ಅವರಿಂದ ಆಗುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿದರೆ ತಾನೆ ಬಾಯಿಯಿಂದ ಧ್ವನಿತಂತುವಿನವರೆಗೆ ನೇರವಾದ ಲೋಹದ ಕೊಳವೆ ಇಳಿಸಿ, ಅದರ ಮೂಲಕ ಬೆಳಕನ್ನು ಗುರಿಯಿಡುವುದು?

“ಈ ಬೆಳಕೂ ಬಗ್ಗೋದಿಲ್ಲ, ನಿಮ್ಮ ಕತ್ತೂ ಬಗ್ಗೋದಿಲ್ಲವಲ್ಲ ಯಜಮಾನ್ರೇ, ನಾನೇನು ಮಾಡಲಿ?” ಎಂದು ವೈದ್ಯರು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಕನ್ನೇ ಬಗ್ಗಿಸಬೇಕು. ಅದಕ್ಕೊಂದು ಟೊಳ್ಳು ಎಳೆ ಇದೆ, ತರಿಸೋಣ” ಎಂದರು.

ಟೊಳ್ಳು ಎಳೆ! ನನಗೆ ಆ ಬಾಗಿದ ನಲ್ಲಿಯ ತುಂಡು ಜ್ಞಾಪಕಕ್ಕೆ ಬಂದಿತು. ಊರಿಗೆ ಹಿಂದಿರುಗಿದವನೇ ಪಕ್ಕದ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರ ಬಾಗಿಲಿಗೆ ಹೋದೆನು. ಪರಿಚಯವಿಲ್ಲದವನನ್ನು ಒಳಗೆ ಕರೆದು ಕೂರಿಸಿ, ನಾಲ್ಕು ಭಾನುವಾರ ಪಾಠ ಹೇಳಿದರು. ಮುಂದೆ ಬರೆಯುವುದರಲ್ಲಿ ಸರಿಯಾದದ್ದೆಲ್ಲ ಅವರದು, ಹೋಲಿಕೆಗಳು ಮಾತ್ರ ಮಂಡಿಯವು.

ನನ್ನ ಮೊದಲನೆಯ ಪ್ರಶ್ನೆ ಇದಾಗಿತ್ತು: ಟೆಲಿಫೋನಿಗೆ, ಇಂಟರ್ನೆಟ್ಟಿಗೆ ಊರೂರಿಗೆ ಗಾಜಿನ ಎಳೆ ಹೂತಿದ್ದಾರೆ, ಅದು ಬಾಗುತ್ತದೆ, ಅದರೊಳಗೆ ಬೆಳಕು ಸಲೀಸಾಗಿ ಹೋಗುತ್ತದೆ, ಅದನ್ನೇ ಅಪ್ಪನ ಗಂಟಲಿಗೆ ಏಕೆ ಇಳಿಸಬಾರದು? ಅದಕ್ಕೆ ಅವರು ಹೇಳಿದ್ದು: ಬೆಳಕು ಗಾಜಿನೊಳಗಿನಿಂದ ಗಾಳಿಯ ಕಡೆಗೆ ಓರೆಯಾಗಿ ಬಂದರೆ ಆಚೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. 1841ರಲ್ಲಿ ಜಿನೀವಾದ ಕೊಲಾಡೊನ್ ಎಂಬುವರು ನೀರಿನ ಧಾರೆಯೊಳಗೆ ಬೆಳಕು ಬಾಗಿಕೊಂಡು ಬೀಳುವುದನ್ನು ತೋರಿಸಿದ್ದರು. 1954ರಲ್ಲಿ ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿಗೆ ಓದಲು ಹೋಗಿದ್ದ ನರಿಂದರ್ ಸಿಂಗ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿದರು. ಆದರೆ ಇದೆಲ್ಲ ಬೆಳಕು ದಟ್ಟವಾದ ವಸ್ತುವಿನ ಒಳಗಿದ್ದಾಗಿನ ಮಾತು. ಗಂಟಲು ಕೊಯ್ಯುವ ಬೆಳಕು ಬೇರೆ ಜಾತಿಯದು.

ಅದನ್ನು ಕೊಡುವ ಯಂತ್ರ ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ಮಾಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಅಲೆಯ ಉದ್ದ 10.6 ಮೈಕ್ರೋಮೀಟರ್, ಕೆಂಪಿಗಿಂತ ಬಹಳ ಆಚೆಗಿನದು, ಕಣ್ಣಿಗೆ ಕಾಣದು. ನೀರು ಈ ಬೆಳಕನ್ನು ಕಂಡಕೂಡಲೇ ಕುಡಿದುಬಿಡುತ್ತದೆ. ನಮ್ಮ ಮಾಂಸವೆಂದರೆ ಹೆಚ್ಚುಪಾಲು ನೀರೇ ಆದ್ದರಿಂದ ಈ ಬೆಳಕು ಬಿದ್ದ ಕಡೆ ತೆಳ್ಳಗೆ ಕೊಯ್ಯುತ್ತದೆ. ಆಳಕ್ಕೆ ಇಳಿಯದು, ಸಣ್ಣ ರಕ್ತನಾಳಗಳನ್ನು ಅಲ್ಲಿಯೇ ಮುಚ್ಚಿಯೂ ಬಿಡುತ್ತದೆ. ಧ್ವನಿತಂತುವಿನಂಥ ನವುರಾದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಕತ್ತಿಯಿಲ್ಲವೆಂದು 1972ರಲ್ಲಿ ಬಾಸ್ಟನ್ನಿನ ವೈದ್ಯರು ಕಂಡುಕೊಂಡಿದ್ದರು. ತೊಡಕೆಂದರೆ, ನೀರಿನಂತೆಯೇ ಸಾಮಾನ್ಯ ಗಾಜೂ ಈ ಬೆಳಕನ್ನು ಕುಡಿಯುತ್ತದೆ. ನಮಗೆ ಪಾರದರ್ಶಕವಾದ ಗಾಜು ಅದಕ್ಕೆ ಇದ್ದಲಿಗೆ ಸಮಾನ. ಬೆಳಕು ಹೋಗಬೇಕಾದರೆ ಹಾದಿಯಲ್ಲಿ ಏನೂ ಇರಬಾರದು, ಬರಿಯ ಗಾಳಿಯಿರಬೇಕು. ಗಾಳಿಯೊಳಗಿನ ಬೆಳಕನ್ನು ಗಾಜಿನ ಎಳೆಯ ಉಪಾಯದಿಂದ ಹಿಡಿದಿಡಲು ಬರುವುದಿಲ್ಲ. ಗೋಡೆಗೆ ಕನ್ನಡಿ ಹಚ್ಚಬೇಕು.

“ಹಾಗಾದರೆ ಬೆಳ್ಳಿ ಬಳಿದರಾಯಿತಲ್ಲ ಸಾರ್?” ಎಂದೆನು.

ಈ ಬುದ್ಧಿ ನನಗಿಂತ ಮೊದಲೇ ಒಬ್ಬರಿಗೆ ಹೊಳೆದಿತ್ತಂತೆ. 1881ರಲ್ಲಿ ಅಮೆರಿಕದ ವಿಲಿಯಂ ವೀಲರ್ ಎಂಬ ಎಂಜಿನಿಯರು ಒಂದು ಪೇಟೆಂಟು ಪಡೆದಿದ್ದರು. ಒಂದೆಡೆ ದೊಡ್ಡ ವಿದ್ಯುದ್ದೀಪವನ್ನು ಉರಿಸಿ, ಒಳಮೈಗೆ ಕನ್ನಡಿಯಂತೆ ಹೊಳಪು ಕೊಟ್ಟ ಕೊಳವೆಗಳ ಮೂಲಕ ನಲ್ಲಿಯ ನೀರಿನಂತೆ ಕೋಣೆ ಕೋಣೆಗೂ ಬೆಳಕು ಹರಿಸುವ ಯೋಜನೆ! ಕೇಳಲು ಎಷ್ಟು ಸೊಗಸು! ಆದರೆ ಮನೆಗಳಿಗೆ ಬಂದದ್ದು ಎಡಿಸನ್ನರ ಬುರುಡೆ ದೀಪಗಳು, ಕೊಳವೆಗಳಲ್ಲ. ಅಂಥ ಕೊಳವೆಯ ಕಷ್ಟವೇನೆಂದು ನಾನೇ ಲೆಕ್ಕ ಹಾಕಬೇಕೆಂದು ಅಧ್ಯಾಪಕರು ಕಾಗದ ಕೊಟ್ಟರು. ಒಳ್ಳೆಯ ಬೆಳ್ಳಿಯ ಕನ್ನಡಿ, ಬಿದ್ದ ಬೆಳಕಿನಲ್ಲಿ ನೂರಕ್ಕೆ 97 ಪಾಲು ಹಿಂದಿರುಗಿಸುತ್ತದೆಂದು ಇಟ್ಟುಕೊಳ್ಳೋಣ. ಬರಿಯ ಮೂರು ಪಾಲಿನ ನಷ್ಟ. ಆದರೆ ಬೆಳಕು ಕೊಳವೆಯೊಳಗೆ ಗೋಡೆಯಿಂದ ಗೋಡೆಗೆ ನೂರು ಸಲ ಪುಟಿದರೆ? ಇದು ಚಕ್ರಬಡ್ಡಿಯ ಲೆಕ್ಕ, ತಿರುಗುಮುರುಗು ಅಷ್ಟೆ. ಸಾಹುಕಾರನ ಹತ್ತಿರ ಸಾಲ ಮಾಡಿದ ಮನೆಯ ಹುಡುಗನಿಗೆ ಆ ಲೆಕ್ಕವನ್ನು ಹೇಳಿಕೊಡಬೇಕೆ? ಉಳಿದದ್ದು ನೂರರಲ್ಲಿ ಐದಕ್ಕೂ ಕಡಮೆ. ಕನ್ನಡಿ ನೂರಕ್ಕೆ 99.9 ಪಾಲು ಮರಳಿಸುವುದಾದರೆ ಅದೇ ನೂರು ಪುಟಿತದ ಕೊನೆಗೆ 90 ಪಾಲು ಉಳಿಯುತ್ತದೆ. ಮೂರು ಪಾಲಿಗೂ ಒಂದು ಪಾಲಿನ ಹತ್ತರಲ್ಲೊಂದಕ್ಕೂ ಇರುವ ವ್ಯತ್ಯಾಸ ಮೊದಲನೆಯ ಪುಟಿತದಲ್ಲಿ ಕಾಣುವುದೇ ಇಲ್ಲ. ನೂರನೆಯದರಲ್ಲಿ ಮನೆ ಮುಳುಗಿಸುತ್ತದೆ.

ಬೆಳ್ಳಿ ಆ ಮೂರು ಪಾಲನ್ನು ಏನು ಮಾಡುತ್ತದೆ? ತಾನೇ ಇಟ್ಟುಕೊಳ್ಳುತ್ತದೆ, ಬಿಸಿಯಾಗುತ್ತದೆ. ಲೋಹವೆಂಬುದು ಮಂಡಿಯ ದಲ್ಲಾಳಿಯಂತೆ. ಮಾಲನ್ನು ಆ ಕಡೆಯಿಂದ ಈ ಕಡೆಗೆ ಬಹಳ ಚೆನ್ನಾಗಿ ದಾಟಿಸುತ್ತಾನೆ, ಆದರೆ ಪ್ರತಿ ಸಲವೂ ತನ್ನ ಕಮಿಷನ್ ಮುರಿದುಕೊಳ್ಳುತ್ತಾನೆ. (ಗಂಟಲಿಗೆ ಬೇಕಾದ ಆ ಕಾಣದ ಬೆಳಕಿನಲ್ಲಿ ಲೋಹದ ಕಮಿಷನ್ ಇಷ್ಟು ಜಾಸ್ತಿಯಿಲ್ಲವೆಂದು ಅಧ್ಯಾಪಕರು ತಿದ್ದಿದ್ದಾರೆ, ಆದರೆ ಕಮಿಷನ್ ಕಮಿಷನ್ನೇ, ಎಳೆ ಬಾಗಿದಷ್ಟೂ ಅದು ಏರುತ್ತದೆ.)

ಹಾಗಾದರೆ ಕಮಿಷನ್ ಕೇಳದ ಕನ್ನಡಿ ಯಾವುದು? ಇದಕ್ಕೆ ಉತ್ತರವಾಗಿ ಅಧ್ಯಾಪಕರು ಮೇಜಿನ ಸೆಳೆಖಾನೆಯಿಂದ ಒಂದು ಬೆಂಕಿಪೊಟ್ಟಣ ತೆಗೆದರು. ತೆರೆದರೆ ಒಳಗೊಂದು ಸತ್ತ ಜೀರ್ಜಿಂಬೆ! ಹಳ್ಳಿಯಲ್ಲಿ ಬೆಳೆದವರಾರು ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿ ಸೊಪ್ಪು ಹಾಕಿ ಸಾಕಿಲ್ಲ? ಅದರ ರೆಕ್ಕೆಯ ಹಸುರು ಬಣ್ಣ ಹಾಕಿದ ಹಸುರಲ್ಲವಂತೆ. ಅರೆದರೆ ಆ ಹಸುರು ಬರುವುದಿಲ್ಲ. ರೆಕ್ಕೆಯ ಮೇಲೆ ಬಹಳ ತೆಳುವಾದ ಪದರಗಳು ಒಂದರ ಮೇಲೊಂದು ಕುಳಿತಿವೆ. ಒಂದೊಂದು ಪದರವೂ ಪಾರದರ್ಶಕವೇ, ಒಂದೊಂದೂ ಬೆಳಕಿನ ಅತ್ಯಲ್ಪ ಭಾಗವನ್ನು ಮಾತ್ರ ಹಿಂದಿರುಗಿಸುತ್ತದೆ. ಕಿಟಕಿಯ ಗಾಜಿನ ಒಂದು ಮುಖ ಮರಳಿಸುವುದೂ ನೂರಕ್ಕೆ ನಾಲ್ಕು ಪಾಲು ಮಾತ್ರ ಅಲ್ಲವೆ? ಉಳಿದದ್ದು ದಾಟಿ ಮುಂದಿನ ಪದರಕ್ಕೆ ಹೋಗುತ್ತದೆ. ಅದೂ ಕೊಂಚ ಹಿಂದಕ್ಕೆ ಕಳಿಸುತ್ತದೆ. ಅದರ ಮುಂದಿನದೂ ಹಾಗೆಯೇ. ಮರಳಿಸದ್ದನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ, ಮುಂದಿನವನಿಗೆ ದಾಟಿಸುತ್ತಾರೆ. ಬೆಳ್ಳಿಗೂ ಇದಕ್ಕೂ ಇರುವ ಭೇದ ಇಷ್ಟೇ, ಇದೇ ಎಲ್ಲ.

ಆದರೆ ಪದರಗಳು ಎಷ್ಟಿದ್ದರೂ ಸಾಲದು, ಅಳತೆ ಸರಿಯಿರಬೇಕು. ಪದರದ ದಪ್ಪ ಅದರೊಳಗಿನ ಅಲೆಯ ಉದ್ದದ ಕಾಲು ಭಾಗವಾಗಿರಬೇಕು. ಆಗ ಬೆಳಕು ಪದರವನ್ನು ಹೊಕ್ಕು ಹಿಂದಿರುಗುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗುತ್ತದೆ. ಪದರದ ಎರಡು ಮುಖಗಳಲ್ಲಿ ಒಂದರ ಬಳಿ ಅಲೆ ತಲೆಕೆಳಗಾಗಿ ಮರಳುವುದರಿಂದ ಇನ್ನೊಂದು ಅರ್ಧ. ಒಟ್ಟು ಒಂದು ಪೂರ್ತಿ ಅಲೆ. ಹೀಗೆ ಎಲ್ಲ ಪದರಗಳಿಂದ ಬಂದ ಅಲೆಗಳ ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಕೂಡಿಕೊಳ್ಳುತ್ತದೆ. ಅಳತೆ ತಪ್ಪಿದರೆ ಒಂದರ ಉಬ್ಬನ್ನು ಇನ್ನೊಂದರ ತಗ್ಗು ನುಂಗುತ್ತದೆ. ಇದನ್ನು ಕೇಳುತ್ತಿದ್ದಾಗ ನನ್ನ ಬಾಯಿಂದ “ಐಸಾ” ಎಂಬ ಮಾತು ಹೊರಟುಬಿಟ್ಟಿತು. ಅಧ್ಯಾಪಕರಿಗೆ ಅರ್ಥವಾಗಲಿಲ್ಲ, ವಿವರಿಸಿದ ಮೇಲೆ ಅವರು ಮುಂದಿನ ವರ್ಷದಿಂದ ತರಗತಿಯಲ್ಲಿ ಅದನ್ನೇ ಹೇಳುವುದಾಗಿ ಮಾತು ಕೊಟ್ಟರು.

ಬೆಂಕಿಪೊಟ್ಟಣದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಡ್ಡಿಯ ಮದ್ದಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಉಪ್ಪಿನ ಕೆಲವು ಹರಳುಗಳು ಕಾಮನಬಿಲ್ಲಿನಂತೆ ಹೊಳೆಯುವುದುಂಟು. ಅದು ಏಕೆಂದು 1880ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋಕ್ಸ್, ರೇಲೀ ಇಬ್ಬರೂ ಯೋಚಿಸಿದರು. ಹರಳಿನೊಳಗೇ ಪದರಗಳು ಸಾಲಾಗಿ ನಿಂತಿರುವುದು ಕಾರಣವೆಂದು ರೇಲೀ ತೋರಿಸಿದರು. ಇದೇ ಹರಳುಗಳನ್ನು 1950ರ ದಶಕದ ಮೊದಲ ವರ್ಷಗಳಲ್ಲಿ ಕೈಗೆತ್ತಿಕೊಂಡವರು ಬೆಂಗಳೂರಿನ ತಮ್ಮ ಸಂಶೋಧನಾಲಯದಲ್ಲಿದ್ದ ಸರ್ ಸಿ.ವಿ. ರಾಮನ್. ನೊಬೆಲ್ ಬಂದು ಇಪ್ಪತ್ತು ವರ್ಷವಾದ ಮೇಲೂ ಅವರು ಚಿಪ್ಪು, ಹರಳು, ಚಿಟ್ಟೆಗಳ ಬಣ್ಣದ ಹಿಂದೆ ಬಿದ್ದಿದ್ದರೆಂದು ಕೇಳಿ ನನಗೆ ಜೀರ್ಜಿಂಬೆ ಸಾಕಿದ್ದರ ಬಗ್ಗೆ ಇದ್ದ ನಾಚಿಕೆ ಹೋಯಿತು.

ಇಂಥ ಪದರಗಳ ಕನ್ನಡಿಯನ್ನು ಕೊಳವೆಯಾಗಿ ಸುತ್ತಿದರೆ ಟೊಳ್ಳಿನಲ್ಲಿ ಬೆಳಕನ್ನು ನಡೆಸಬಹುದೆಂದು 1978ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಯೇ, ಯಾರಿವ್, ಮರೋಮ್ ಎಂಬ ಮೂವರು ಗಣಿತದಿಂದ ತೋರಿಸಿದರು. ಆದರೆ ಲೆಕ್ಕಕ್ಕೂ ಎಳೆಗೂ ನಡುವೆ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಉರುಳಿತು. ಜೀರ್ಜಿಂಬೆಯನ್ನು ಓರೆ ಮಾಡಿದರೆ ಹಸುರು ನೀಲಿಯ ಕಡೆಗೆ ಜಾರುವುದನ್ನು ನೀವು ಕಂಡಿರಬಹುದು. ಅಂದರೆ ಪದರಗಳ ಕನ್ನಡಿಗೆ ನೇರ ಬಂದ ಬೆಳಕು ಒಂದು, ಓರೆ ಬಂದ ಬೆಳಕು ಇನ್ನೊಂದು. ಕೊಳವೆಯೊಳಗಾದರೋ ಬೆಳಕು ಓರೆಯಾಗಿಯೇ ಬೀಳುವುದು; ಅದು ಬಾಗಿದಾಗ ಯಾವ ಓರೆಯೆಂದು ಹೇಳಲಾಗದು. ಎಲ್ಲ ಓರೆಗಳಿಂದಲೂ ಮರಳಿಸುವ ಪದರಗಳ ಕನ್ನಡಿ ಆಗದೆಂದೇ ಬಹಳ ಜನ ನಂಬಿದ್ದರು. 1998ರಲ್ಲಿ ಎಂ.ಐ.ಟಿ.ಯಲ್ಲಿ ಯೋಯೆಲ್ ಫಿಂಕ್ ಎಂಬ ವಿದ್ಯಾರ್ಥಿಯೂ ಅವರ ಗುರುಗಳೂ ಅದು ಸುಳ್ಳೆಂದು ತೋರಿಸಿದರು. ಪಕ್ಕಪಕ್ಕದ ಪದರಗಳ ಗುಣದಲ್ಲಿ ಸಾಕಷ್ಟು ಅಂತರವಿದ್ದರೆ ಸಾಕು. ಅವರು ಬಳಸಿದ್ದು ಟೆಲ್ಲೂರಿಯಂ ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಒಂಬತ್ತೇ ಪದರಗಳನ್ನು. ಆಗ ಅವರು ವಿದ್ಯಾರ್ಥಿ ಎಂಬ ಮಾತನ್ನು ನಾನು ಬೇಕೆಂದೇ ಬರೆದಿದ್ದೇನೆ.

ಎಳೆ ಮಾಡುವ ಕ್ರಮ ನನಗೆ ಎಲ್ಲಕ್ಕಿಂತ ಹಿಡಿಸಿತು. ಮೈಕ್ರೋಮೀಟರಿನ, ಅಂದರೆ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನ ಆಸುಪಾಸಿನ ಪದರಗಳನ್ನು ಕೂದಲಿನಂಥ ಕೊಳವೆಯ ಒಳಗೋಡೆಗೆ ಯಾರು ಹಚ್ಚಿಯಾರು? ಅವರು ಹಚ್ಚಲಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಆರ್ಸೆನಿಕ್, ಸೆಲೆನಿಯಂ ಸೇರಿದ ಒಂದು ವಿಶೇಷ ಗಾಜನ್ನು ಲೇಪಿಸಿ, ಆ ಹಾಳೆಯನ್ನು ಬೀಡಿ ಸುತ್ತಿದಂತೆ ಸುತ್ತುಸುತ್ತಾಗಿ ಸುತ್ತಿದರು. ಅಲ್ಲಿಗೆ ದಪ್ಪನೆಯದೊಂದು ಟೊಳ್ಳು ದಿಂಡಾಯಿತು. ಅದನ್ನು ಕಾಯಿಸಿ ಮೆತ್ತಗಾದಾಗ ಬೆಲ್ಲದ ಪಾಕ ಎಳೆದಂತೆ ಎಳೆದರು. ದಿಂಡು ಸಣ್ಣಗಾಗುತ್ತ ಹೋದಂತೆ ಒಳಗಿನ ಪದರಗಳೂ ಅದೇ ಪ್ರಮಾಣದಲ್ಲಿ ತೆಳ್ಳಗಾದವು, ಒಂದೂ ಹರಿಯಲಿಲ್ಲ, ಟೊಳ್ಳೂ ಮುಚ್ಚಲಿಲ್ಲ. 2002ರಲ್ಲಿ ಈ ಎಳೆಯ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಟೊಳ್ಳಿನ ಅಗಲ ಮಿಲಿಮೀಟರಿನ ಹತ್ತರಲ್ಲಿ ಏಳು ಪಾಲು. ಆ ಗಂಟಲಿನ ಬೆಳಕನ್ನೇ ಅದರೊಳಗೆ ಬಿಟ್ಟರೆ ಒಂದು ಮೀಟರ್ ದಾಟುವಷ್ಟರಲ್ಲಿ ನಷ್ಟವಾದದ್ದು ಹೆಚ್ಚೆಂದರೆ ಐದರಲ್ಲೊಂದು ಪಾಲು. ಸುತ್ತಲಿನ ಪ್ಲಾಸ್ಟಿಕ್ ಆ ಬೆಳಕಿಗೆ ಶುದ್ಧ ಕಗ್ಗತ್ತಲೆ. ಅದರ ಮೂಲಕವೇ ಹೋಗಬೇಕಾಗಿದ್ದರೆ ಒಂದು ಮೀಟರಿನ ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ವಸ್ತು ಕೈಬಿಟ್ಟಲ್ಲಿ ಅದರ ಜೋಡಣೆ ಕೈಹಿಡಿಯಿತು.

ಟೆಲಿಫೋನಿನ ಗಾಜಿನ ಎಳೆಗೆ ಹೋಲಿಸಿದರೆ ಇದು ಏನೂ ಅಲ್ಲ ಎಂದು ಬಲ್ಲವರು ಹೇಳಬಹುದು. ಅಲ್ಲಿ ಬೆಳಕು ನೂರು ಕಿಲೋಮೀಟರ್ ಹೋದರೂ ಕುರುಹು ಉಳಿಯುತ್ತದೆ. ನಿಜ. ಟೊಳ್ಳಿನಲ್ಲಿ ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡಿದರೆ ಗಾಜಿನಲ್ಲಿ ಎರಡು ಲಕ್ಷ ಮಾತ್ರ ಎಂಬ ಕಾರಣದಿಂದ, ಬೇರೊಂದು ಬಗೆಯ ಟೊಳ್ಳು ಎಳೆಗಳನ್ನು ಸುದ್ದಿ ಸಾಗಿಸಲೂ ಮಾಡುತ್ತಿದ್ದಾರೆ. ಆದರೆ ನಮಗೆ ಬೇಕಾಗಿದ್ದದ್ದು ನೂರು ಕಿಲೋಮೀಟರ್ ಅಲ್ಲ. ಯಂತ್ರದಿಂದ ಅಪ್ಪನ ಗಂಟಲಿಗೆ ಎರಡು ಮೀಟರ್ ಸಾಕಾಗಿತ್ತು.

ಆ ಎರಡು ಮೀಟರಿನ ಬೆಲೆ ಕೇಳಿ ಮಾತ್ರ ನಾವು ಕುಸಿದು ಕುಳಿತೆವು. ಶಸ್ತ್ರಚಿಕಿತ್ಸೆಯ ಖರ್ಚು ಸರ್ಕಾರದ ಕಾರ್ಡಿನಲ್ಲಿ ಹೋಯಿತು. ಹೊರದೇಶದಿಂದ ಬರುವ ಎಳೆಯ ಖರ್ಚು ಆ ಪಟ್ಟಿಯಲ್ಲಿರಲಿಲ್ಲ. ನಾನು ಕಾಲೇಜು ಬಿಟ್ಟು ದುಡಿಯುತ್ತೇನೆಂದೆನು. ಅಪ್ಪನಿಗೆ ಬೈಯಲು ಧ್ವನಿಯಿರಲಿಲ್ಲ, ಕೈಯೆತ್ತಿದರು. ಒಂದು ಸಂಜೆ ಮಂಡಿಯಿಂದ ಇಬ್ಬರು ಬಂದು ಮಡಿಸಿದ ಟವೆಲ್ಲೊಂದನ್ನು ಜಗಲಿಯ ಮೇಲಿಟ್ಟು, ಕಾಫಿಗೂ ನಿಲ್ಲದೆ ಹೊರಟುಹೋದರು. ಬಿಚ್ಚಿದರೆ ಹತ್ತು, ಇಪ್ಪತ್ತು, ನೂರರ ನೋಟುಗಳು, ಕೊಬ್ಬರಿಯ ವಾಸನೆ. ಯಾರು ಎಷ್ಟು ಕೊಟ್ಟರೆಂಬ ಚೀಟಿ ಅದರಲ್ಲಿರಲಿಲ್ಲ. ಎಣಿಸಿ ಮುಗಿಸಲು ನನಗೂ ಅವ್ವನಿಗೂ ಬಹಳ ಹೊತ್ತು ಹಿಡಿಯಿತು.

ಶಸ್ತ್ರಚಿಕಿತ್ಸೆಯನ್ನು ನಾನು ನೋಡಲಿಲ್ಲ. ಕಾಣದ ಬೆಳಕು ಎಲ್ಲಿ ಬೀಳುತ್ತದೆಂದು ತೋರಿಸಲು ಜೊತೆಗೊಂದು ಕಾಣುವ ಬೆಳಕಿನ ಚುಕ್ಕೆಯನ್ನೂ ಬಿಡುತ್ತಾರೆಂದೂ, ಎಳೆ ಅಪ್ಪನ ನಾಲಗೆಯ ಬುಡದಲ್ಲಿ ಬಾಗಿ ಕೆಳಗಿಳಿಯಿತೆಂದೂ ವೈದ್ಯರು ಆಮೇಲೆ ಹೇಳಿದರು. ಗಂಟನ್ನು ಪೂರ್ತಿ ತೆಗೆದಿದ್ದರು. ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು, ಬೀಡಿ ಬಿಡಬೇಕು, ಏಳು ದಿನ ಒಂದು ಅಕ್ಷರವನ್ನೂ ಮಾತನಾಡಕೂಡದು, ಬೇಕಾದ್ದನ್ನು ಬರೆದು ತೋರಿಸಬಹುದು ಎಂದರು.

ಬರೆದು ತೋರಿಸಬಹುದು! ವೈದ್ಯರಿಗೆ ಅದು ಎಷ್ಟು ಸಹಜವಾಗಿ ಬಾಯಿಗೆ ಬಂದಿತು. ಅಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆನು. ಮೂರು ವರ್ಷ ಕಾಲೇಜಿಗೆ ಹೋಗಿ ಬಂದೆನಲ್ಲ, ಒಂದು ಸಂಜೆಯಾದರೂ ಅವರ ಕೈಗೆ ಸ್ಲೇಟು ಕೊಡಬೇಕೆಂದು ನನಗೆ ತೋರಿರಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಒಂದು ಉಪಾಯ ಹೂಡಿದಳು. ನೀರೊಲೆಯ ಮುಂದಿದ್ದ ಊದುಗೊಳವೆಯನ್ನು ತೊಳೆದು ತಂದು ಅಪ್ಪನ ಮಗ್ಗುಲಲ್ಲಿಟ್ಟಳು. ನೆಲಕ್ಕೆ ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಗಂಜಿ, ಮೂರು ಸಲವಾದರೆ ನಾನು ಬರಬೇಕು. ಏಳು ದಿನವೂ ನಮ್ಮ ಮನೆಯಲ್ಲಿ ಆ ಠಣ್ ಠಣ್ ಶಬ್ದವೇ. ಅವ್ವ ಒಲೆಯನ್ನು ಬೀಸಣಿಗೆಯಿಂದ ಬೀಸಿ ಉರಿಸಿದಳು. ರಾತ್ರಿ ಅಪ್ಪ ಕಾರಣವಿಲ್ಲದೆ ಮೂರು ಸಲ ಬಡಿದು, ನಾನು ಹೋದರೆ ಸುಮ್ಮನೆ ನೋಡುವರು. ಅಂಥ ಒಂದು ರಾತ್ರಿ ನಾನು ಅವರಿಗೆ ಟೊಳ್ಳು ಎಳೆಯ ಕಥೆಯನ್ನೆಲ್ಲ ಹೇಳಿದೆನು. ಅಳತೆ ಸರಿಯಿದ್ದರೆ ಅಲೆಗಳೆಲ್ಲ ಒಂದೇ ಸಲ ಕೂಡುತ್ತವೆ ಎಂಬಲ್ಲಿಗೆ ಬಂದಾಗ ಅವರ ತುಟಿ ಅಲುಗಿತು. ಎಲ್ಲಿ ಕೂಗಿಬಿಡುವರೋ ಎಂದು ನಾನು ಅವರ ಬಾಯಿಗೆ ಕೈ ಅಡ್ಡ ಇಟ್ಟೆನು.

ಎಂಟನೆಯ ದಿನ ಬೆಳಗ್ಗೆ ನಾನು ಹಿತ್ತಿಲಲ್ಲಿದ್ದೆ. ಒಳಗಿನಿಂದ ಒಂದು ಧ್ವನಿ ಬಂದಿತು. ಒಡಕು, ಗಾಳಿ ಬೆರೆತದ್ದು, ಲಾರಿಯವರೆಗೆ ಕೇಳುವಂಥದಲ್ಲ, ಹಿತ್ತಿಲವರೆಗೆ ಕೇಳಿಸಿತು.

“ಲೋ ಮಗಾ, ಈ ಊದುಗೊಳವೇನ ತಗಂಡೋಗಿ ನಿಮ್ಮವ್ವಂಗೆ ಕೊಡ್ಲಾ. ಒಲೆ ಉರೀತಿಲ್ಲ, ಹೊಗೆ ತುಂಬ್ಕೊಂಡೈತೆ.”